ಮೊದಲ ಡಿಎಸ್‌ಎಲ್‌ಆರ್ ಕೈಗೆ ಬಂದಿದೆ, ಇನ್ನೇನೇನು ಕೊಳ್ಳಲಿ?

ಪ್ರಶ್ನೆ: ಎರಡು ವಾರದ ಹಿಂದೆ ನನ್ನ ಮೊದಲ ಡಿಎಸ್‌ಎಲ್‌ಆರ್ ಕೊಂಡೆ. ಹೊಸದಲ್ಲ, ಒಬ್ಬರು ಬಳಸಿದ್ದು. ಜೊತೆಗೆ 18-55 ಕಿಟ್ ಲೆನ್ಸ್ ಬಂದಿದೆ. ವ್ಯೂಫೈಂಡರಿನಲ್ಲಿ ನೋಡಿದರೆ ಎಲ್ಲವೂ ಮಸುಕು, ಕ್ಯಾಮೆರಾ ಕೆಟ್ಟಿದೆಯೋ ಏನೋ ಎಂಬ ಭಯ. ಮನೆಯೊಳಗೆ ಮಗಳ ಫೋಟೊ ತೆಗೆದರೆ ಫೋನಿನದ್ದಕ್ಕಿಂತ ಕಳಪೆಯಾಗಿ, ಅಲುಗಾಡಿದಂತೆ ಬರುತ್ತದೆ. ಯುವಿ, ಸಿಪಿಎಲ್ ಮತ್ತು ಕ್ಲೋಸಪ್ ಫಿಲ್ಟರ್, ವೈಡ್ ಮತ್ತು ಟೆಲಿ ಕನ್ವರ್ಟರ್, ಟ್ರೈಪಾಡ್, ಹುಡ್, ಬ್ಯಾಗ್ ಎಲ್ಲ ಸೇರಿದ ಒಂದು ಕಾಂಬೊ ಕಿಟ್ ಕಣ್ಣಿಗೆ ಬಿದ್ದಿದೆ, ಕೊಳ್ಳಲೇ? ಎರಡನೇ ಲೆನ್ಸ್ ಆಗಿ 50 ಎಂಎಂ ಒಳ್ಳೆಯದೋ 70-300 ಒಳ್ಳೆಯದೋ? ಎಲ್ಲರೂ ಮಿರರ್‌ಲೆಸ್ ಎನ್ನುತ್ತಿರುವಾಗ ಡಿಎಸ್‌ಎಲ್‌ಆರ್ ಕೊಂಡು ತಪ್ಪು ಮಾಡಿದೆನೇ?

ಉತ್ತರ: ಮಸುಕಿನ ದೂರನ್ನು ಮೊದಲು ಮುಗಿಸೋಣ, ಅದು ಒಂದು ನಿಮಿಷದ ಕೆಲಸ. ವ್ಯೂಫೈಂಡರಿನ ರಬ್ಬರಿನ ಬಲಕ್ಕೆ, ತುಸು ಮೇಲೆ, ಉಗುರಿನಷ್ಟಗಲದ ಒಂದು ಹಲ್ಲುಚಕ್ರ ಇರುತ್ತದೆ. ಕೆಲವು ಬಾಡಿಗಳಲ್ಲಿ ಚಕ್ರದ ಬದಲು ಜಾರುವ ಗುಂಡಿ. ಪಕ್ಕದಲ್ಲೇ ಪ್ಲಸ್, ಮೈನಸ್ ಗುರುತು. ಅದು ಡಯಾಪ್ಟರ್, ಅಂದರೆ ಕನ್ನಡಕದ ಪವರ್ ಇದ್ದ ಹಾಗೆ. ಹಿಂದಿನ ಮಾಲೀಕರು ತಮ್ಮ ಕಣ್ಣಿಗೆ ಹೊಂದಿಸಿಕೊಂಡದ್ದು ನಿಮ್ಮ ಕಣ್ಣಿಗೆ ಒಗ್ಗುತ್ತಿಲ್ಲ, ಬಹುಮಟ್ಟಿಗೆ ಇಷ್ಟೇ ಆಗಿರುತ್ತದೆ. ಕ್ಯಾಮೆರಾವನ್ನು ಬೆಳ್ಳನೆಯ ಗೋಡೆಯತ್ತ ಹಿಡಿದು ಶಟರ್ ಬಟನ್ನನ್ನು ಅರ್ಧ ಒತ್ತಿ. ಕೆಳಗಡೆ ಅಂಕಿಗಳು ಹೊತ್ತಿಕೊಳ್ಳುತ್ತವೆ. ಗೋಡೆಯನ್ನು ನೋಡಬೇಡಿ, ಆ ಅಂಕಿಗಳನ್ನೇ ನೋಡುತ್ತ ಚಕ್ರ ತಿರುಗಿಸಿ. ಅಂಚು ಕತ್ತರಿಸಿಟ್ಟಂತೆ ಕಂಡಾಗ ನಿಲ್ಲಿಸಿ. ಕನ್ನಡಕ ಹಾಕಿಕೊಂಡು ಫೋಟೊ ತೆಗೆಯುವವರಾದರೆ ಕನ್ನಡಕ ಹಾಕಿಕೊಂಡೇ ಇದನ್ನು ಮಾಡಿ. ಬ್ಯಾಗಿಗೆ ಹಾಕಿ ತೆಗೆಯುವಾಗ ಈ ಚಕ್ರ ತಾನಾಗಿ ತಿರುಗಿಬಿಡುವುದುಂಟು. ‘ಕ್ಯಾಮೆರಾ ಹಾಳಾಯಿತು’ ಎಂದು ಮುಖ ಸಣ್ಣಗೆ ಮಾಡಿಕೊಂಡು ಬಂದ ಎಷ್ಟೋ ಜನರ ಮುಂದೆ ನಾನು ಹೆಬ್ಬೆರಳಿನಿಂದ ಇದನ್ನೊಂದು ಸುತ್ತು ತಿರುಗಿಸಿ ವಾಪಸ್ ಕೊಟ್ಟಿದ್ದೇನೆ. ಅಂಕಿಗಳು ಸ್ಪಷ್ಟವಾದ ಮೇಲೂ ದೃಶ್ಯ ಮಾತ್ರ ಮಸುಕಾಗಿದ್ದರೆ, ಲೆನ್ಸಿನ ಪಕ್ಕದ ಸ್ವಿಚ್ ‘ಎಂಎಫ್’ (ಕೈಯಲ್ಲೇ ಫೋಕಸ್) ಕಡೆಗೆ ಜಾರಿದೆಯೇ ನೋಡಿ.

ಮಿರರ್‌ಲೆಸ್ ಚಿಂತೆಗೂ ಉದ್ದದ ಉತ್ತರ ಬೇಕಿಲ್ಲ. ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸಿನ ಹಿಂದೆ ಇರುವ ಕನ್ನಡಿ ಅದರಲ್ಲಿಲ್ಲ, ಹೆಸರಿನ ಅರ್ಥ ಅಷ್ಟೇ. ಕಂಪನಿಗಳ ಗಮನ ಆ ಕಡೆ ಹೋಗಿರುವುದು ನಿಜ. ಕ್ಯಾನನ್, ನಿಕಾನ್ ಎರಡರದ್ದೂ ಕೊನೆಯ ದೊಡ್ಡ ಡಿಎಸ್‌ಎಲ್‌ಆರ್ ಬಂದದ್ದು 2020ರಲ್ಲಿ. ಆದರೆ ನಿಕಾನಿನ ಎಫ್ ಮೌಂಟ್ (ಲೆನ್ಸ್ ಕೂರುವ ಬಾಯಿ) 1959ರಿಂದ, ಕ್ಯಾನನ್ನಿನ ಇಎಫ್ ಮೌಂಟ್ 1987ರಿಂದ ಇದೆ. ಅಷ್ಟು ವರ್ಷಗಳ ಲೆನ್ಸುಗಳೆಲ್ಲ ಈಗ ಕೈ ಬದಲಾಗುತ್ತಿವೆ, ಕಲಿಯುವವರಿಗೆ ಇದಕ್ಕಿಂತ ಅನುಕೂಲ ಬೇಕೆ? ಅಪರ್ಚರ್ ಅಂದರೆ ಲೆನ್ಸಿನೊಳಗಿನ ಬೆಳಕಿನ ಕಿಂಡಿ, ಶಟರ್ ಅಂದರೆ ಬೆಳಕು ಒಳಗೆ ಬೀಳುವ ಹೊತ್ತು, ಐಎಸ್ಒ ಅಂದರೆ ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ; ಈ ಮೂರೂ ಎರಡರಲ್ಲೂ ಒಂದೇ. ನೀವು ತಪ್ಪು ಮಾಡಿಲ್ಲ.

ಇನ್ನು ಅಲುಗಾಡುವ ಫೋಟೊ. ಫೋನು ನೀವು ಒಂದು ಸಲ ಒತ್ತಿದರೆ ಹಲವು ಫ್ರೇಮು ತೆಗೆದು, ಒಂದರ ಮೇಲೊಂದು ಜೋಡಿಸಿ, ತೊಳೆದು ತಿದ್ದಿ ಕೈಗೆ ಕೊಡುತ್ತದೆ. ಡಿಎಸ್‌ಎಲ್‌ಆರ್ ಹಾಗಲ್ಲ, ತೆಗೆಯುವುದು ಒಂದೇ ಚಿತ್ರ, ನೀವು ಹೇಳಿದಂತೆ. ಏನೂ ಹೇಳದಿದ್ದರೆ ತನಗೆ ತೋಚಿದಂತೆ. ಸಂಜೆ ಮನೆಯೊಳಗೆ ಆಟೊ ಮೋಡಿನಲ್ಲಿ ಅದು ಸೆಕೆಂಡಿನ 30ನೇ ಒಂದು ಭಾಗದಷ್ಟು ನಿಧಾನದ ಶಟರ್ ಆರಿಸಿಕೊಂಡಿರುತ್ತದೆ, ಅಷ್ಟರೊಳಗೆ ಮಗು ತಲೆ ತಿರುಗಿಸಿ ಆಗಿರುತ್ತದೆ. ಲೆನ್ಸಿನಲ್ಲಿ ವಿಆರ್ ಅಥವಾ ಐಎಸ್ ಇದೆಯಲ್ಲ ಎನ್ನಬೇಡಿ. ಅದು ನಿಮ್ಮ ಕೈನಡುಕವನ್ನು ತಡೆಯುತ್ತದೆಯೇ ಹೊರತು ಮಗಳ ಓಡಾಟವನ್ನಲ್ಲ.

ಮೋಡ್ ಡಯಲನ್ನು ‘ಎಸ್’ಗೆ ತನ್ನಿ, ಕ್ಯಾನನ್ ಆದರೆ ‘ಟಿವಿ’. ಶಟರ್ 1/200 ಇಡಿ, ಐಎಸ್ಒ ಆಟೊಗೆ ಬಿಡಿ. ಐಎಸ್ಒ 1600, 3200 ತೋರಿಸಿದರೆ ಗಾಬರಿ ಬೇಡ. ಕಾಳುಕಾಳಾದ ಫೋಟೊವನ್ನು ಆಮೇಲೆ ಒಂದಿಷ್ಟು ಸರಿಪಡಿಸಬಹುದು, ಅಲುಗಾಡಿದ್ದನ್ನು ಆಗದು. ಕಿಟ್ ಲೆನ್ಸಿನ ಮೇಲೆ ‘3.5-5.6’ ಎಂದು ಬರೆದಿರುವುದನ್ನು ನೋಡಿದ್ದೀರಲ್ಲವೇ? 18ರ ತುದಿಯಲ್ಲಿ ಅಪರ್ಚರ್ ಎಫ್ 3.5ರವರೆಗೆ ತೆರೆಯುತ್ತದೆ, 55ಕ್ಕೆ ಜೂಮ್ ಮಾಡಿದರೆ 5.6ಕ್ಕೆ ಕುಗ್ಗುತ್ತದೆ. ಅಂದರೆ ಬೆಳಕು ಅರ್ಧಕ್ಕಿಂತಲೂ ಕಡಿಮೆ. ಹಾಗಾಗಿ ಮಬ್ಬುಬೆಳಕಿನಲ್ಲಿ ಜೂಮ್ ಮಾಡುವ ಬದಲು ನೀವೇ ಎರಡು ಹೆಜ್ಜೆ ಮುಂದೆ ಹೋಗಿ.

ಫೋಕಸ್ ವಿಷಯದಲ್ಲಿ ಒಂದು ಕಿವಿಮಾತು. ಎಲ್ಲ ಪಾಯಿಂಟುಗಳನ್ನೂ ಕ್ಯಾಮೆರಾಗೆ ಬಿಟ್ಟರೆ ಹತ್ತಿರದಲ್ಲಿ ಯಾವುದಿದೆಯೋ ಅದನ್ನು ಹಿಡಿಯುವುದು ಅದರ ಚಾಳಿ; ಮಗಳ ಮುಖ ಬಿಟ್ಟು ಅವಳು ಮುಂದೆ ಚಾಚಿದ ಕೈಯನ್ನು ಹಿಡಿಯುತ್ತದೆ. ಸಿಂಗಲ್ ಪಾಯಿಂಟ್ ಆರಿಸಿಕೊಂಡು ಆ ಚೌಕವನ್ನು ಕಣ್ಣಿನ ಮೇಲೆ ಇಡಿ.

ಹಗಲಾದರೆ ಇನ್ನೂ ಸುಲಭ. ಮಗಳನ್ನು ಕಿಟಕಿಯಿಂದ ಎರಡು ಹೆಜ್ಜೆ ದೂರದಲ್ಲಿ, ಕಿಟಕಿ ಅವಳ ಪಕ್ಕಕ್ಕೆ ಬರುವಂತೆ ಕೂರಿಸಿ, ಕೋಣೆಯ ದೀಪ ಆರಿಸಿಬಿಡಿ. ದೀಪ ಆರಿಸಿದರೆ ಬೆಳಕು ಕಡಿಮೆಯಾಗುವುದಿಲ್ಲವೇ ಎನ್ನುತ್ತೀರಿ. ಆಗುತ್ತದೆ, ಆದರೆ ಕೆನ್ನೆಯ ಒಂದು ಪಕ್ಕ ನೀಲಿ, ಇನ್ನೊಂದು ಪಕ್ಕ ಹಳದಿ ಆಗುವುದು ತಪ್ಪುತ್ತದೆ. ಕ್ಯಾಮೆರಾದ ತಲೆಯ ಮೇಲೆ ಪುಟಿದೇಳುವ ಫ್ಲಾಷಿನ ಸಹವಾಸ ಸದ್ಯಕ್ಕೆ ಬೇಡ. ಹುಡ್ (ಲೆನ್ಸಿನ ಮುಂದಿನ ಪ್ಲಾಸ್ಟಿಕ್ ಮರೆ) ಹಾಕಿಕೊಂಡು ಫ್ಲಾಷ್ ಬಳಸಿದರಂತೂ ಫೋಟೊದ ಬುಡದಲ್ಲಿ ಅರ್ಧಚಂದ್ರಾಕಾರದ ಕಪ್ಪು ನೆರಳು ಬಂದು ಕೂರುತ್ತದೆ. ಅದು ಲೆನ್ಸಿನದೇ ನೆರಳು.

ಈಗ ಕಾಂಬೊ ಕಿಟ್. ಒಂದೇ ಮಾತಿನಲ್ಲಿ: ಬೇಡ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ ಅದು. ಯಾವ ಸಲಕರಣೆಯಾದರೂ ನಿಮಗೆ ಆಗಲೇ ಎದುರಾಗಿರುವ ಒಂದು ತೊಂದರೆಗೆ ಉತ್ತರವಾಗಿರಬೇಕು. ಕಾಂಬೊದಲ್ಲಿರುವುದು ನಿಮಗೆ ಇನ್ನೂ ಬಾರದ ತೊಂದರೆಗಳಿಗೆ ಯಾರೋ ಕೂಡಿಟ್ಟ ಅಗ್ಗದ ಉತ್ತರಗಳು.

ಅದರಲ್ಲಿ ಎಲ್ಲಕ್ಕಿಂತ ದಂಡ ಆ ವೈಡ್ ಮತ್ತು ಟೆಲಿ ಕನ್ವರ್ಟರುಗಳು. ಲೆನ್ಸಿನ ಮುಂದೆ ತಿರುಪಿ ಹಾಕುವ ದಪ್ಪ ಗಾಜುಗಳವು. ನಡುಭಾಗ ಹೇಗೋ ಪರವಾಗಿಲ್ಲ ಎನಿಸುತ್ತದೆ, ಅಂಚುಗಳು ಕದಡಿಹೋಗಿ ಮರದ ಕೊಂಬೆಗಳಿಗೆಲ್ಲ ನೇರಳೆ ಬಣ್ಣದ ಅಂಚು ಕಟ್ಟುತ್ತದೆ. ನಿಜವಾದ ಟೆಲಿಕನ್ವರ್ಟರ್ ಕೂರುವುದು ಲೆನ್ಸಿಗೂ ಬಾಡಿಗೂ ನಡುವೆ, ಅದೂ ಆಯ್ದ ದೊಡ್ಡ ಲೆನ್ಸುಗಳಿಗೆ ಮಾತ್ರ.

ಯುವಿ ಫಿಲ್ಟರಿನದು ಹಳೆಯ ಕಥೆ. ಫಿಲ್ಮಿಗೆ ನೇರಳಾತೀತ ಕಿರಣ ತಾಕುತ್ತಿತ್ತು, ದೂರದ ಬೆಟ್ಟಗಳು ನೀಲಿ ಮಸುಕಾಗಿ ಬರುತ್ತಿದ್ದವು, ಆಗ ಅದಕ್ಕೆ ಅರ್ಥವಿತ್ತು. ಡಿಜಿಟಲ್ ಸೆನ್ಸರಿನ ಮುಂದೆ ಆ ಕಿರಣಗಳನ್ನು ಬಹುಪಾಲು ತಡೆಯುವ ಗಾಜು ಮೊದಲೇ ಇದೆ. ಈಗ ಅದನ್ನು ಮಾರುವುದು ‘ಲೆನ್ಸಿಗೆ ರಕ್ಷಣೆ’ ಎಂಬ ಹೆಸರಿನಲ್ಲಿ. ನಾನೂ ಶುರುವಿನಲ್ಲಿ ಒಂದು ಅಗ್ಗದ್ದನ್ನು ಹಾಕಿಕೊಂಡು ತಿಂಗಳುಗಟ್ಟಲೆ ಓಡಾಡಿದೆ. ಒಂದು ರಾತ್ರಿ ಸೇತುವೆಯ ದೀಪಗಳ ಸಾಲನ್ನು ತೆಗೆದು ಮನೆಗೆ ಬಂದು ನೋಡುತ್ತೇನೆ, ಕಪ್ಪು ಆಕಾಶದಲ್ಲಿ ಅದೇ ದೀಪಗಳ ಸಾಲು ತಲೆಕೆಳಗಾಗಿ, ಹಸಿರು ಬಣ್ಣದಲ್ಲಿ ತೇಲುತ್ತಿದೆ. ಸೆನ್ಸರಿನಿಂದ ಹಿಂದಿರುಗಿದ ಬೆಳಕು ಫಿಲ್ಟರಿನ ಚಪ್ಪಟೆ ಗಾಜಿಗೆ ಬಡಿದು ಮತ್ತೆ ಒಳಗೆ ಬಂದಿತ್ತು. ಆವತ್ತಿನ ಅಷ್ಟೂ ಫೋಟೊ ಹೋಯಿತು. ಕಡಲ ತುಂತುರು, ಹಾರುವ ಮರಳು ಇರುವ ಕಡೆ ಒಳ್ಳೆಯ ಕೋಟಿಂಗ್ ಇರುವ ಫಿಲ್ಟರ್ ಹಾಕಿ, ಬೇಡ ಎನ್ನುವುದಿಲ್ಲ. ಉಳಿದಂತೆ ರಕ್ಷಣೆಗೆ ಹುಡ್ಡೇ ಸಾಕು. ಕೈತಪ್ಪಿ ಎಲ್ಲಿಗಾದರೂ ತಾಗಿದರೆ ಮೊದಲು ಪೆಟ್ಟು ತಿನ್ನುವುದು ಅದರ ಪ್ಲಾಸ್ಟಿಕ್ಕು, ಜೊತೆಗೆ ಪಕ್ಕದಿಂದ ಬೀಳುವ ಬಿಸಿಲನ್ನೂ ತಡೆಯುತ್ತದೆ. ನಿಮ್ಮ ಲೆನ್ಸಿನ ಮಾದರಿಗೆಂದೇ ಮಾಡಿದ ಹುಡ್ ಕೊಳ್ಳಿ, ಮತ್ತು ದಯವಿಟ್ಟು ಅದನ್ನು ಉಲ್ಟಾ ಹಾಕಿಕೊಂಡು ಫೋಟೊ ತೆಗೆಯಬೇಡಿ. ಉಲ್ಟಾ ಹಾಕುವುದು ಬ್ಯಾಗಿನಲ್ಲಿಡಲು.

ಸಿಪಿಎಲ್, ಅಂದರೆ ಪೋಲರೈಸರ್, ನಾನು ಗೌರವಿಸುವ ಫಿಲ್ಟರ್. ನೀರಿನ ಮೇಲಿನ, ಗಾಜಿನ ಮೇಲಿನ, ಒದ್ದೆ ಎಲೆಗಳ ಮೇಲಿನ ಹೊಳಪನ್ನು ಅದು ಒರೆಸಿ ತೆಗೆಯುತ್ತದೆ. ಅಡಿಯಲ್ಲಿ ಮುಚ್ಚಿಹೋಗಿದ್ದುದನ್ನು ಕಂಪ್ಯೂಟರಿನಲ್ಲಿ ಎಷ್ಟು ತಿಣುಕಿದರೂ ವಾಪಸ್ ತರಲಾಗದು. ಸೂರ್ಯ ನಿಮ್ಮ ಎಡಕ್ಕೋ ಬಲಕ್ಕೋ ಇದ್ದಾಗ ಆಕಾಶದ ಮೇಲೆ ಅದರ ಪರಿಣಾಮ ಹೆಚ್ಚು, ಬೆನ್ನ ಹಿಂದೆ ಇದ್ದರೆ ಇಲ್ಲವೆಂದೇ ಹೇಳಬೇಕು. ಒಂದೂವರೆ, ಎರಡು ಸ್ಟಾಪಿನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿದಂತೆ) ಬೆಳಕನ್ನೂ ನುಂಗುತ್ತದೆ, ಹಾಗಾಗಿ ಮನೆಯೊಳಗೆ ತೆಗೆದಿಡಿ. ಮುಂದೆ ಬೇಕೆನಿಸಿದಾಗ ಬಿಡಿಯಾಗಿ ಒಂದು ಒಳ್ಳೆಯದನ್ನು ಕೊಳ್ಳಿ. ಅಳತೆಗಾಗಿ ಲೆನ್ಸಿನ ಮುಂಭಾಗದಲ್ಲಿ ಸೊನ್ನೆಗೆ ಅಡ್ಡಗೆರೆ ಎಳೆದಂಥ ಚಿಹ್ನೆಯ ಪಕ್ಕದ ಅಂಕಿ ನೋಡಿ: 49, 52, 55, 58 ಹೀಗೆ ಏನಾದರೂ ಇರುತ್ತದೆ. ಅದು ಫಿಲ್ಟರಿನ ವ್ಯಾಸ, ಲೆನ್ಸಿನ ಫೋಕಲ್ ಲೆಂಗ್ತ್ (18-55 ಎಂಬ ಜೂಮ್ ಅಂಕಿ) ಅಲ್ಲ. ಇವೆರಡನ್ನು ಕಲಸಿಕೊಂಡು 55ರ ಫಿಲ್ಟರ್ ತಂದವರು ಬಹಳ ಮಂದಿ. ಇನ್ನೊಂದು, ಕೆಲವು ಹಳೆಯ ಕಿಟ್ ಲೆನ್ಸುಗಳಲ್ಲಿ ಫೋಕಸ್ ಮಾಡುವಾಗ ಮುಂದಿನ ಗಾಜೇ ತಿರುಗುತ್ತದೆ. ಅಂಥದ್ದಾದರೆ ಮೊದಲು ಫೋಕಸ್, ಆಮೇಲೆ ಪೋಲರೈಸರ್ ಹೊಂದಿಸುವುದು.

ಕ್ಲೋಸಪ್ ಫಿಲ್ಟರುಗಳ ಬದಲು ಎಂದಾದರೂ ಎಕ್ಸ್‌ಟೆನ್ಶನ್ ಟ್ಯೂಬ್ ನೋಡಿ. ಅದರಲ್ಲಿ ಗಾಜೇ ಇಲ್ಲ, ಲೆನ್ಸಿಗೂ ಬಾಡಿಗೂ ನಡುವೆ ಹಾಕುವ ಬರಿಯ ಟೊಳ್ಳು ಉಂಗುರ, ಆದ್ದರಿಂದ ಕೆಡಿಸಲು ಏನೂ ಇಲ್ಲ. ಎಲೆಕ್ಟ್ರಿಕ್ ಕಾಂಟ್ಯಾಕ್ಟ್ ಇರುವುದನ್ನೇ ಆರಿಸಿ.

ಕಾಂಬೊ ಟ್ರೈಪಾಡಿಗೆ ಒಂದು ಪರೀಕ್ಷೆ ಹೇಳುತ್ತೇನೆ, ಯಾವ ಟ್ರೈಪಾಡಿಗೂ ಇದೇ. ಕ್ಯಾಮೆರಾ ಕೂರಿಸಿ, 55ಕ್ಕೆ ಜೂಮ್ ಮಾಡಿ, ಲೈವ್ ವ್ಯೂ ಹಾಕಿ, ಪರದೆಯಲ್ಲಿ ಚಿತ್ರವನ್ನು ಪೂರ್ತಿ ದೊಡ್ಡದು ಮಾಡಿ. ಈಗ ಕಾಲಿಗೆ ಬೆರಳಿನಿಂದ ಟಕ್ಕೆಂದು ತಟ್ಟಿ, ನಡುಕ ನಿಲ್ಲುವವರೆಗೆ ಮನಸ್ಸಿನಲ್ಲೇ ಎಣಿಸಿ. ಒಂದೆರಡರಲ್ಲಿ ನಿಂತರೆ ಟ್ರೈಪಾಡ್ ಗಟ್ಟಿ. ಐದಾದರೂ ತೂಗಾಡುತ್ತಿದ್ದರೆ ಅದಕ್ಕಿಂತ ಗೋಡೆಯೇ ವಾಸಿ. ನಡುವಿನ ಕಂಬವನ್ನು ಪೂರ್ತಿ ಮೇಲೆತ್ತಿದರೆ ಒಳ್ಳೆಯ ಟ್ರೈಪಾಡೂ ಕೋಲಿನ ಮೇಲಿನ ಮಡಕೆಯಾಗುತ್ತದೆ. ಅಲ್ಲಿಯವರೆಗೆ ಮರಳು ತುಂಬಿದ ಬಟ್ಟೆಚೀಲದ ಮೇಲೆ ಕ್ಯಾಮೆರಾ ಇಟ್ಟು, ಎರಡು ಸೆಕೆಂಡಿನ ಸೆಲ್ಫ್‌ಟೈಮರ್ ಹಾಕಿದರೆ ಬೇಕಾದಷ್ಟಾಯಿತು. ಬ್ಯಾಗು ಯಾವುದಾದರೂ ಆದೀತು, ಒಳಗೆ ಮೆತ್ತೆ ಇದ್ದರೆ ಸೈ.

ಹಾಗಾದರೆ ಈಗಲೇ ಬೇಕಾದದ್ದೇನು? ಹುಡ್ ಹೇಳಿದೆ. ಮೆಮೊರಿ ಕಾರ್ಡ್ ಎರಡು ಇರಲಿ. 128 ಜಿಬಿಯ ಒಂದರ ಬದಲು 32ರ ಎರಡು ವಾಸಿ, ಒಂದು ಕೈಕೊಟ್ಟರೆ ಎಲ್ಲವೂ ಹೋಗುವುದಿಲ್ಲ. 24 ಮೆಗಾಪಿಕ್ಸೆಲ್ ಬಾಡಿಯ ರಾ (ಕ್ಯಾಮೆರಾ ತಿದ್ದದೆ ಕೊಡುವ) ಫೈಲು ಸುಮಾರು 25 ಎಂಬಿ ಎಂದುಕೊಂಡರೂ 32ರಲ್ಲಿ ಸಾವಿರದ ಮೇಲೆ ಹಿಡಿಯುತ್ತದೆ. ಕಾರ್ಡಿನ ಮೇಲೆ ‘ವಿ30’ ಅಥವಾ ಯು ಅಕ್ಷರದೊಳಗೆ 3 ಇದ್ದರೆ ಸೆಕೆಂಡಿಗೆ 30 ಎಂಬಿ ಬರೆಯುವ ಖಾತರಿ, ನಿಮಗೆ ಅದು ಧಾರಾಳ. ಹಿಂಬದಿಯಲ್ಲಿ ಎರಡು ಸಾಲು ಪಿನ್ ಇರುವ ದುಬಾರಿ ಕಾರ್ಡಿನ ವೇಗವನ್ನು ಆರಂಭದ ಹಂತದ ಬಾಡಿಗಳು ಬಳಸಿಕೊಳ್ಳುವುದೇ ಇಲ್ಲ. ಫೋಟೊಗಳನ್ನು ಎರಡು ಕಡೆ ನಕಲು ಮಾಡಿಕೊಂಡ ಮೇಲೆ ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಬಳಸಿದ ಕ್ಯಾಮೆರಾ ಎಂದ ಮೇಲೆ ಬ್ಯಾಟರಿಗೂ ವಯಸ್ಸಾಗಿರುತ್ತದೆ, ಇನ್ನೊಂದು ಇರಲಿ.

ಮತ್ತೊಂದು, ರಬ್ಬರ್ ಬ್ಲೋವರ್. ಬಾಯಿಂದ ಊದುವ ಅಭ್ಯಾಸ ನಿಮಗಿದ್ದರೆ ಇವತ್ತೇ ಬಿಡಿ. ದೂಳಿನ ಜಾಗದಲ್ಲಿ ಎಂಜಲಿನ ಹನಿ ಕೂರುತ್ತದೆ, ಅದು ದೂಳಿಗಿಂತ ಕಷ್ಟ. ಕನ್ನಡಿಯನ್ನು ಬಟ್ಟೆಯಿಂದಲೂ ಬೆರಳಿನಿಂದಲೂ ಮುಟ್ಟಬೇಡಿ. ಕಲೆ ಎಲ್ಲಿದೆ ಎಂದು ಪತ್ತೆಮಾಡುವುದು ಸುಲಭ: ವ್ಯೂಫೈಂಡರಿನಲ್ಲಿ ಕಾಣುತ್ತದೆ, ಫೋಟೊದಲ್ಲಿಲ್ಲ ಎಂದರೆ ಅದು ಕನ್ನಡಿ ಅಥವಾ ಅದರ ಮೇಲಿನ ಫೋಕಸಿಂಗ್ ಸ್ಕ್ರೀನಿನ ಮೇಲಿದೆ, ಸುಮ್ಮನೆ ಬಿಡಿ. ಫೋಟೊದಲ್ಲಿ ಕಾಣುತ್ತದೆ, ವ್ಯೂಫೈಂಡರಿನಲ್ಲಿಲ್ಲ ಎಂದರೆ ಸೆನ್ಸರಿನ ಮೇಲಿದೆ. ಎಫ್ 16ರಲ್ಲಿ ಬರಿಯ ಆಕಾಶವನ್ನು ತೆಗೆದು ನೋಡಿದರೆ ಎಲ್ಲವೂ ಬಯಲಾಗುತ್ತದೆ. ಲೆನ್ಸ್ ಬದಲಿಸುವಾಗ ಕ್ಯಾಮೆರಾ ಆಫ್ ಮಾಡಿ, ಬಾಯಿ ಕೆಳಗೆ ಮಾಡಿ ಹಿಡಿಯಿರಿ. ಮುಂದಿನಿಂದ ನೋಡಿದರೆ ಕ್ಯಾನನ್ ಲೆನ್ಸ್ ಕೂರುವುದು ಗಡಿಯಾರದ ಮುಳ್ಳಿನ ದಿಕ್ಕಿಗೆ, ನಿಕಾನ್ ಅದರ ವಿರುದ್ಧ. ಸಲೀಸಾಗಿ ತಿರುಗದಿದ್ದರೆ ಬಲ ಹಾಕಬೇಡಿ, ಚುಕ್ಕಿಗಳು ಕೂಡಿಲ್ಲ ಎಂದರ್ಥ.

ನೀವು ಕೇಳದಿದ್ದರೂ ಒಂದನ್ನು ಹೇಳಲೇಬೇಕು: ಫಂಗಸ್. ನನ್ನ ಹತ್ತಿರ ಒಂದು ಹಳೆಯ 50 ಎಂಎಂ ಇತ್ತು, ಅದಕ್ಕೊಂದು ಚೆಂದದ ಚರ್ಮದ ಚೀಲ. ಜೋಪಾನವಾಗಿರಲಿ ಎಂದು ಅದರಲ್ಲೇ ಇಟ್ಟು ಕಪಾಟಿನಲ್ಲಿ ಮುಚ್ಚಿಟ್ಟೆ. ತಿಂಗಳುಗಳ ನಂತರ ತೆಗೆದರೆ ಗಾಜಿನೊಳಗೆ ಜೇಡನ ಬಲೆಯ ಎಳೆಗಳು ಹಬ್ಬಿದ್ದವು. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ, ಕತ್ತಲೆ ಬೇರೆ. ನಾನೇ ಹಾಸಿಗೆ ಹಾಸಿಕೊಟ್ಟಂತಾಗಿತ್ತು. ನಿಮ್ಮದು ಬಳಸಿದ ಲೆನ್ಸ್ ಆದ್ದರಿಂದ ಇವತ್ತೇ ನೋಡಿ. ಲೆನ್ಸನ್ನು ಬಾಡಿಯಿಂದ ಬಿಚ್ಚಿ, ಹಿಂಬದಿಯಿಂದ ಟಾರ್ಚ್ ಬಿಟ್ಟು, ಮುಂದಿನಿಂದ ತುಸು ಓರೆಯಾಗಿ ನೋಡಿ. ನಿಕಾನ್ ಆದರೆ ಬಿಚ್ಚಿದಾಗ ಅಪರ್ಚರ್ ಮುಚ್ಚಿಕೊಂಡಿರಬಹುದು. ಹಿಂದೆ ಪುಟ್ಟ ಲೋಹದ ಸನ್ನೆ ಇದ್ದರೆ ಮೆಲ್ಲಗೆ ಸರಿಸಿ ತೆರೆಯಬೇಕು. ಒಂದೆರಡು ದೂಳಿನ ಕಣ ಕಂಡರೆ ಚಿಂತೆಯಿಲ್ಲ. ಎಳೆ ಎಳೆಯಾಗಿ, ಕವಲೊಡೆದು ಹಬ್ಬಿದ್ದು ಕಂಡರೆ ರಿಪೇರಿಯವರಿಗೆ ತೋರಿಸಿ. ಇಡುವುದಕ್ಕೆ ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಳಗೊಂದು ಚಿಕ್ಕ ತೇವಮಾಪಕ ಸಾಕು. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರಲಿ. 60 ದಾಟಿ ಅಲ್ಲೇ ನಿಂತರೆ ಜೆಲ್ ಬದಲಿಸಿ.

ಕಡೆಗೆ ಎರಡನೇ ಲೆನ್ಸ್. 70-300 ಬಿಸಿಲಿನಲ್ಲಿ ಹಕ್ಕಿ, ಆಟದ ಮೈದಾನ ಇಂಥವಕ್ಕೆ ಸರಿ. ನಿಮ್ಮ ತೊಂದರೆ ಮನೆಯೊಳಗಿನದು, ಅದಕ್ಕೆ ಅದು ಉತ್ತರವಲ್ಲ. ನಿಮ್ಮ ಬಾಡಿಯ ಸೆನ್ಸರ್ ಎಪಿಎಸ್-ಸಿ ಅಳತೆಯದೇ (ಹಳೆಯ ಫಿಲ್ಮಿನಷ್ಟಿರುವ ಫುಲ್‌ಫ್ರೇಮಿಗಿಂತ ಚಿಕ್ಕದು) ಇರಬೇಕು, 18-55 ಅದಕ್ಕೆಂದೇ ಮಾಡಿದ ಲೆನ್ಸು. ಅದರಲ್ಲಿ 300 ಎಂದರೆ ಫುಲ್‌ಫ್ರೇಮಿನ 450-480ರ ನೋಟ. ಕೈಯಲ್ಲಿ ಹಿಡಿದು ತೆಗೆಯಲು ಸುಮಾರು 1/500 ಶಟರ್ ಬೇಕು. ಮುಂದೆಂದಾದರೂ ಕೊಂಡರೆ ವಿಆರ್ ಅಥವಾ ಐಎಸ್ ಇರುವುದನ್ನೇ ಕೊಳ್ಳಿ. ಇಲ್ಲದ ಅಗ್ಗದ ಮಾದರಿಗಳೂ ಇವೆ, ಹೆಸರು ಹೆಚ್ಚುಕಡಿಮೆ ಒಂದೇ ಥರ.

ಎಫ್ 1.8ರ ಪ್ರೈಮ್, ಅಂದರೆ ಜೂಮ್ ಇಲ್ಲದ ಲೆನ್ಸ್ ನಿಮಗೆ ಒಗ್ಗುತ್ತದೆ. ಕಿಟ್ ಲೆನ್ಸಿನ 5.6ಕ್ಕೆ ಹೋಲಿಸಿದರೆ ಸುಮಾರು ಹತ್ತುಪಟ್ಟು ಬೆಳಕು, ಅಂದರೆ 1/20 ಸಿಗುತ್ತಿದ್ದಲ್ಲಿ 1/200 ಸಿಗುತ್ತದೆ. ಆದರೆ 1.8ರಲ್ಲಿ ಹತ್ತಿರದಿಂದ ತೆಗೆದರೆ ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಸುಕು, ಅಭ್ಯಾಸವಾಗುವವರೆಗೆ 2.8ರಲ್ಲಿ ತೆಗೆಯಿರಿ. ನಿಕಾನ್ ಡಿ3000, ಡಿ5000 ಸಾಲಿನ ಬಾಡಿಯಾದರೆ ಅದರೊಳಗೆ ಫೋಕಸ್ ಮೋಟಾರ್ ಇಲ್ಲ. ‘ಎಎಫ್-ಡಿ’ ಎಂಬ ಹಳೆಯ ಲೆನ್ಸ್ ಕೂರುತ್ತದೆ, ಕೈಯಲ್ಲೇ ಫೋಕಸ್ ಮಾಡಬೇಕಾಗುತ್ತದೆ. ‘ಎಎಫ್-ಎಸ್’ ಎಂದಿರುವುದನ್ನು ಕೇಳಿ. ಕ್ಯಾನನ್ನಿನಲ್ಲಿ ಈ ತಲೆನೋವಿಲ್ಲ.

50 ಅಥವಾ 35? ನಿಮ್ಮ ಸೆನ್ಸರಿನಲ್ಲಿ 50 ಎಂದರೆ 75-80ರ ನೋಟ, ಮುಖಕ್ಕೆ ಚೆಂದ, ಕೋಣೆಗೆ ಇಕ್ಕಟ್ಟು. 35 ಎಂದರೆ 52-56ರ ನೋಟ. ಯಾರ ಮಾತೂ ಕೇಳದೆ ಇದನ್ನು ನೀವೇ ತೀರ್ಮಾನಿಸಬಹುದು, ಎರಡೂ ನಿಮ್ಮ ಕಿಟ್ ಲೆನ್ಸಿನೊಳಗೇ ಇವೆ. ಒಂದು ದಿನ ಜೂಮ್ ರಿಂಗನ್ನು 35ಕ್ಕೆ ತಂದು ಕಾಗದದ ಟೇಪು ಸುತ್ತಿ, ಇಡೀ ದಿನ ಅದರಲ್ಲೇ ತೆಗೆಯಿರಿ. ಮರುದಿನ 50ಕ್ಕೆ. ಮಗಳನ್ನು ಪೂರ್ತಿ ಹಿಡಿಸಲು ಹಿಂದೆ ಹಿಂದೆ ಸರಿದು ಬೆನ್ನು ಗೋಡೆಗೆ ತಾಗುತ್ತಿದ್ದರೆ ನಿಮಗೆ ಬೇಕಾದದ್ದು 35. ಅವಳು ಮೈಮರೆತು ಆಡುತ್ತಿರುವಾಗ ದೂರ ಕುಳಿತು ಮುಖವನ್ನಷ್ಟೇ ಹಿಡಿಯುವುದು ಹಿತವೆನಿಸಿದರೆ 50. ಎರಡು ದಿನವೂ ಟೇಪು ಕಿತ್ತು 18ಕ್ಕೆ ಹೋಗಬೇಕೆಂದು ಕೈ ತುರಿಸುತ್ತಿದ್ದರೆ ಸದ್ಯಕ್ಕೆ ಯಾವುದನ್ನೂ ಕೊಳ್ಳಬೇಡಿ. ಟೇಪನ್ನು ಮೂರನೇ ದಿನಕ್ಕೆ ಬಿಡುವುದು ಬೇಡ; ಅಂಟು ರಿಂಗಿನ ರಬ್ಬರಿಗೆ ಹಿಡಿದರೆ ಬಿಡಿಸುವುದು ರಗಳೆ.